ತತ್ಸುಮಿಯ ಎಂಟನೆಯ ಪಥ

ಟೋಕಿಯೋ ಮಹಾನಗರದ ಆಗ್ನೇಯ ಭಾಗದಲ್ಲಿ, ಕೊಲ್ಲಿಯನ್ನು ತುಂಬಿಸಿ ಪಡೆದ ನೆಲದ ಮೇಲೆ, ತತ್ಸುಮಿ ಎಂಬ ಬಡಾವಣೆಯಿದೆ. ಭಾರತೀಯರು ದಿಕ್ಕಿಗೊಬ್ಬ ದೇವತೆಯನ್ನು ಕಾವಲಿರಿಸಿದಂತೆ ಹಿಂದಿನ ಜಪಾನೀಯರು ದಿಕ್ಕುಗಳನ್ನು ಪ್ರಾಣಿಗಳ ಹೆಸರಿನಿಂದ ಗುರುತಿಸುತ್ತಿದ್ದರು. ‘ತತ್ಸು’ ಎಂದರೆ ಡ್ರ್ಯಾಗನ್, ‘ಮಿ’ ಎಂದರೆ ಹಾವು. ಇವೆರಡರ ನಡುವಣ ದಿಕ್ಕೇ ಆಗ್ನೇಯ. ಭಾರತೀಯರ ಎಣಿಕೆಯಲ್ಲಿ ಆ ಮೂಲೆ ಅಗ್ನಿಯದು, ಅಡುಗೆಮನೆಗೆ ಮೀಸಲು. ತತ್ಸುಮಿಯಲ್ಲಿಯೋ, ಎತ್ತ ತಿರುಗಿದರೂ ನೀರು. ಕಾಲುವೆಗಳು, ಕಡಲ ಗಾಳಿ, ಒಂದು ಉದ್ಯಾನ. ಅದರ ಮಗ್ಗುಲಲ್ಲಿ ಬುಡ ಕಿರಿದಾಗಿ ನೆತ್ತಿ ಹಿರಿದಾದ ಒಂದು ಭಾರಿ ಕಟ್ಟಡ. ಅದೇ 2020ರ ಒಲಿಂಪಿಕ್ಸಿಗೆಂದು ಕಟ್ಟಿದ ಈಜುಮಂದಿರ.

ಸಾಂಕ್ರಾಮಿಕದ ದೆಸೆಯಿಂದ ಆ ಕ್ರೀಡೋತ್ಸವ ನಡೆದುದು 2021ರಲ್ಲಿ. ಹದಿನೈದು ಸಾವಿರ ಪ್ರೇಕ್ಷಕರಿಗೆಂದು ಅಣಿಗೊಳಿಸಿದ ಆಸನಗಳಲ್ಲಿ ಟಿಕೆಟು ಕೊಂಡು ಬಂದವನು ಒಬ್ಬನೂ ಇರಲಿಲ್ಲ. ಜುಲೈ 24ರ ಸಂಜೆ ಪುರುಷರ 400 ಮೀಟರ್ ಫ್ರೀಸ್ಟೈಲಿನ ಅರ್ಹತಾ ಸುತ್ತು ಮೊದಲಾಯಿತು. ಸಾಮಾನ್ಯವಾಗಿ ಅರ್ಹತಾ ಸುತ್ತು ಬೆಳಿಗ್ಗೆ, ಅಂತಿಮ ಸ್ಪರ್ಧೆ ಸಂಜೆ. ಇಲ್ಲಿ ಮಾತ್ರ ಅದು ತಲೆಕೆಳಗು. ಅಂತಿಮ ಸ್ಪರ್ಧೆಗಳು ಅಮೆರಿಕೆಯ ಮನೆಗಳಲ್ಲಿ ಜನ ಊಟ ಮುಗಿಸಿ ಟೆಲಿವಿಷನ್ನಿನ ಮುಂದೆ ಕೂರುವ ಹೊತ್ತಿಗೆ ನಡೆಯಬೇಕಲ್ಲವೆ! ಈಜುಗಾರನ ನಿದ್ರೆಗಿಂತ ನೋಡುಗನ ಬಿಡುವಿಗೆ ಬೆಲೆ ಹೆಚ್ಚು.

ಈ ಸುತ್ತಿನ ನಿಯಮ ಸರಳವಾಗಿ ಕಂಡರೂ ಅದರೊಳಗೆ ಒಂದು ಕಾಠಿಣ್ಯವಿದೆ. ಮೂವತ್ತಕ್ಕೂ ಹೆಚ್ಚಿನ ಸ್ಪರ್ಧಿಗಳನ್ನು ಎಂಟೆಂಟು ಮಂದಿಯ ತಂಡಗಳಾಗಿ ವಿಂಗಡಿಸುತ್ತಾರೆ. ಈ ತಂಡಕ್ಕೆ ‘ಹೀಟ್’ ಎಂದು ಹೆಸರು. ಹಿಂದಿನ ದಾಖಲೆಗಳಲ್ಲಿ ವೇಗಿಗಳಾದವರು ಕೊನೆಯ ಹೀಟುಗಳಲ್ಲಿ ಈಜುತ್ತಾರೆ. ಅವರೆಲ್ಲ ಒಂದೆಡೆಯೇ ಸೇರಿ ಸೆಣಸದಂತೆ ಈ ಕೊನೆಯ ಹೀಟುಗಳಿಗೆ ಹಂಚಿಹಾಕುತ್ತಾರೆ. ಆದರೆ ಹೀಟಿನಲ್ಲಿ ಮೊದಲಿಗನಾದರೆ ಮುಂದಿನ ಸುತ್ತು ದೊರೆಯುವುದೆಂದು ತಿಳಿದರೆ ತಪ್ಪು. ಬೇರೆ ಬೇರೆ ಕೊಠಡಿಗಳಲ್ಲಿ ಪರೀಕ್ಷೆ ಬರೆದವರ ಅಂಕಗಳನ್ನು ಒಂದೇ ಪಟ್ಟಿಗೆ ಇಳಿಸುವಂತೆ, ಎಲ್ಲ ಹೀಟುಗಳ ಕಾಲವನ್ನೂ ಒಟ್ಟುಗೂಡಿಸಿ ಎಣಿಸುತ್ತಾರೆ. ಅದೇ ಒಲಿಂಪಿಕ್ಸಿನ 100 ಮೀಟರ್ ಬಟರ್‌ಫ್ಲೈನಲ್ಲಿ ಭಾರತದ ಸಜನ್ ಪ್ರಕಾಶ್ ತಮ್ಮ ಹೀಟಿನಲ್ಲಿ ಎರಡನೆಯವರಾಗಿ ಗೋಡೆ ಮುಟ್ಟಿದರು. ಒಟ್ಟು ಪಟ್ಟಿಯಲ್ಲಿ ಅವರು 46ನೆಯವರು. ಪಕ್ಕದವನನ್ನು ಸೋಲಿಸಿದರೆ ಸಾಲದು, ಇನ್ನೂ ನೀರಿಗಿಳಿಯದವನನ್ನೂ ಸೋಲಿಸಬೇಕು.

100, 200 ಮೀಟರ್ ಸ್ಪರ್ಧೆಗಳಲ್ಲಿ ಹದಿನಾರು ಮಂದಿ ಉಪಾಂತ್ಯಕ್ಕೆ ಹೋಗುತ್ತಾರೆ. 400 ಮೀಟರಿಗೆ ಆ ನಡುಮನೆಯಿಲ್ಲ. ಹೊಸ್ತಿಲು ದಾಟಿದರೆ ನೇರವಾಗಿ ಗರ್ಭಗುಡಿ. ಎಂಟೇ ಸ್ಥಾನಗಳು. ಎಲ್ಲರಿಗಿಂತ ವೇಗವಾಗಿ ಈಜಿದವನಿಗೆ ಕೊಳದ ನಡುವಣ ನಾಲ್ಕನೆಯ ಪಥ. ಅನಂತರದವರಿಗೆ ಕ್ರಮವಾಗಿ 5, 3, 6, 2, 7, 1. ಎಂಟನೆಯವನಿಗೆ ಅಂಚಿನ ಎಂಟನೆಯ ಪಥ.

ಆ ಸಂಜೆ ಪಟ್ಟಿಯ ತಲೆಯಲ್ಲಿ ನಿಂತವನು ಜರ್ಮನಿಯ ಹೆನಿಂಗ್ ಮ್ಯೂಲ್‌ಲೈಟ್ನರ್. ಅವನ ಕಾಲ 3 ನಿಮಿಷ 43.67 ಸೆಕೆಂಡು. ಪಟ್ಟಿಯ ಬಾಲದಲ್ಲಿ, 3 ನಿಮಿಷ 45.68 ಸೆಕೆಂಡಿನಲ್ಲಿ ಎಂಟನೆಯವನಾಗಿ ನುಸುಳಿಕೊಂಡವನು ಟುನೀಸಿಯಾದ ಅಹ್ಮದ್ ಹಫ್ನಾವಿ, ಹದಿನೆಂಟರ ಹುಡುಗ. ಅವನಿಗೂ ಒಂಬತ್ತನೆಯವನಿಗೂ ಇದ್ದ ಅಂತರ ಸೆಕೆಂಡಿನ ಕಾಲುಭಾಗಕ್ಕೂ ಕಡಿಮೆ. ಕಣ್ಣೆವೆ ಮುಚ್ಚಿ ತೆರೆಯುವಷ್ಟು!

ಮರುದಿನ ಬೆಳಿಗ್ಗೆ ಎಂಟು ಮಂದಿ ನೀರಿಗೆ ಹಾರಿದರು. ಕೊನೆಯ ಐವತ್ತು ಮೀಟರಿಗೆ ತಿರುಗಿದಾಗ ಮುಂದಿದ್ದವನು ಆಸ್ಟ್ರೇಲಿಯಾದ ಜಾಕ್ ಮೆಕ್‌ಲಾಕ್ಲಿನ್. ಅಂಚಿನ ಪಥದಿಂದ ಹಫ್ನಾವಿ ಏರಿ ಬಂದ. 3 ನಿಮಿಷ 43.36 ಸೆಕೆಂಡಿಗೆ ಗೋಡೆ ಮುಟ್ಟಿದ. ಮೆಕ್‌ಲಾಕ್ಲಿನ್ 16 ಶತಾಂಶ ಸೆಕೆಂಡಿನಷ್ಟು ಹಿಂದೆ. ಅಮೆರಿಕೆಯ ಕೀರನ್ ಸ್ಮಿತ್ 3 ನಿಮಿಷ 43.94 ಸೆಕೆಂಡಿಗೆ ಕಂಚು ಪಡೆದ. ಮ್ಯೂಲ್‌ಲೈಟ್ನರ್ ನಾಲ್ಕನೆಯವನು: 3 ನಿಮಿಷ 44.07 ಸೆಕೆಂಡು. ಹಿಂದಿನ ಸಂಜೆಯ ತನ್ನದೇ ವೇಗವನ್ನು ಬೆಳಿಗ್ಗೆಯೂ ತೋರಿದ್ದರೆ ಕಂಚು ಅವನ ಕೊರಳಲ್ಲಿರುತ್ತಿತ್ತು. ಆದರೆ ಅರ್ಹತಾ ಸುತ್ತಿನ ಗಳಿಕೆ ಪಥವನ್ನು ಗೊತ್ತುಮಾಡಿ ಅಲ್ಲಿಗೇ ಮುಗಿಯುತ್ತದೆ; ಅದರ ಒಂದು ಕಾಸೂ ಮರುದಿನಕ್ಕೆ ಸಲ್ಲದು.

ಅದೇ ದಿನ ಸಂಜೆ ಅದೇ ನೀರಿಗೆ ಬೆಂಗಳೂರಿನ ಶ್ರೀಹರಿ ನಟರಾಜ್ ಇಳಿದರು, 100 ಮೀಟರ್ ಬ್ಯಾಕ್‌ಸ್ಟ್ರೋಕಿನ ಹೀಟಿಗೆ. ಆಗ ಅವರಿಗೆ ಇಪ್ಪತ್ತು ವರ್ಷ. ಒಲಿಂಪಿಕ್ಸಿನ ನೇರ ಪ್ರವೇಶಕ್ಕೆ ಬೇಕಿದ್ದುದು 53.85 ಸೆಕೆಂಡು, ಅದಕ್ಕೆ ಒಂದು ತಿಂಗಳ ಹಿಂದೆ ರೋಮ್ ನಗರದಲ್ಲಿ ಅವರು 53.77ರಲ್ಲಿ ಈಜಿ ಆ ಗೆರೆಯನ್ನು ದಾಟಿದ್ದರು. ಆ ಎಂಟು ಶತಾಂಶಗಳ ಹಿಂದೆ ಎಷ್ಟು ವರ್ಷಗಳ ಬೆಳಗಿನ ಜಾವಗಳಿದ್ದುವೋ, ಮಕ್ಕಳನ್ನು ಎಬ್ಬಿಸಿ ಕೊಳಕ್ಕೆ ಕರೆದೊಯ್ಯುವ ತಾಯ್ತಂದೆಯರೇ ಬಲ್ಲರು. ತತ್ಸುಮಿಯಲ್ಲಿ ರೋಮಿನ ಆ ಓಟ ಮರಳಲಿಲ್ಲ. ಫಲಕದ ಮೇಲೆ ಮೂಡಿದುದು 54.31. ಪಟ್ಟಿಯಲ್ಲಿ 27ನೆಯ ಸ್ಥಾನ. ಬಾಗಿಲು ಹದಿನಾರಕ್ಕೇ ಮುಚ್ಚಿತ್ತು. ಒಂದು ನಿಮಿಷವೂ ತುಂಬದ ಈಜು, ಮತ್ತೆ ಚೀಲ ಹೆಗಲಿಗೇರಿಸಿ ಹೊರಗೆ.

ಆ ಈಜುಮಂದಿರ 2023ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಹತ್ತಿರದಲ್ಲೇ ಇದ್ದ ಹಳೆಯ ಈಜುಕೊಳ ಈಗ ಮಂಜುಗಡ್ಡೆಯ ಮೇಲೆ ಜಾರುವ ಅಂಗಣವಾಗಿದೆ. ಹೊಸ ಕೊಳದಲ್ಲಿ ಊರಿನ ಜನ ಶುಲ್ಕ ತೆತ್ತು ಈಜುತ್ತಾರೆ. ಅವರ ಕಾಲವನ್ನು ಎಣಿಸುವವರಿಲ್ಲ.