ಹೊರಡುವ ಮುನ್ನ ಒಂದು ಪ್ರಶ್ನೆ

ಧಾರವಾಡದ ಕಡೆಯ ಹುಡುಗರಿಗೆ ಒಂದು ಕಾಲಕ್ಕೆ ಪುಣೆಯೇ ಪರದೇಶವಾಗಿತ್ತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವವರೆಗೆ ಬಿ.ಎ. ಓದಬೇಕೆನ್ನುವವರು ಪುಣೆಗೋ ಮುಂಬಯಿಗೋ ಬರಬೇಕಾಗಿತ್ತು. ಬೇಂದ್ರೆಯವರು ಬಿ.ಎ. ಮುಗಿಸಿದ್ದು ಇಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ, 1918ರಲ್ಲಿ. ಬುತ್ತಿ ಕಟ್ಟಿಕೊಂಡು ರೈಲು ಹತ್ತಿ ಬಂದವರ ಮನೆಯ ಮಕ್ಕಳು ಈಗ ವಿಮಾನ ಹತ್ತುತ್ತಿದ್ದಾರೆ. ಊರು ಬದಲಾಯಿತು, ಹೊರಡುವವರ ಕನಸು ಮಾತ್ರ ಅದೇ.

ಈ ವರ್ಷ ನಮ್ಮ ಅಕ್ಕನ ಮಗನ ಸರದಿ. ಎಂಜಿನಿಯರಿಂಗ್ ಮುಗಿಸಿದವನು ಮುಂದಿನ ಓದಿಗೆ ಜರ್ಮನಿಗೆ ಹೊರಟಿದ್ದಾನೆ. ಕಚೇರಿಯಲ್ಲಿ ದಿನವೆಲ್ಲ ಕಡತ ನೋಡುವವರೆಂದು ಅವನ ಕಾಗದಪತ್ರಗಳ ಪರಿಶೀಲನೆ ನಮ್ಮ ಪಾಲಿಗೆ ಬಂತು. ಊರ ಮನೆಯ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಸಾಲ ತೆಗೆಯುವ ಮಾತೂ ನಡೆದಿತ್ತು.

“ಮಾಮಾ, ಅಲ್ಲಿ ಫೀ ಇಲ್ಲ. ಕೆಲಸಾ ಮಾಡಿಕೋತ ಓದಿದ್ರ ಎರಡು ವರ್ಷದಾಗ ಸಾಲಾನೂ ತೀರತದ” ಎಂದ.

ಮಾತು ಅರ್ಧ ನಿಜ. ಜರ್ಮನಿಯ ಬಹುಪಾಲು ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೂ ಬಾಡೆನ್-ವುರ್ಟೆಂಬರ್ಗ್ ಪ್ರಾಂತ್ಯವು 2017ರಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಆರು ತಿಂಗಳ ಅವಧಿಗೆ 1,500 ಯೂರೋ ಗೊತ್ತುಮಾಡಿತು. ವೀಸಾ ಬೇಕಾದರೆ ಒಂದು ವರ್ಷದ ಜೀವನವೆಚ್ಚವನ್ನು ಮೊದಲೇ ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತ 11,904 ಯೂರೋ ಆಯಿತು. ಖಾತೆಯಲ್ಲಿ ಕಟ್ಟಿಟ್ಟ ಈ ಹಣ ಹುಡುಗನದೇ, ಆದರೆ ತಿಂಗಳಿಗೆ 992ರಂತೆ ಮಾತ್ರ ಕೈಗೆ ಬರುತ್ತದೆ. ದುಡಿಮೆಗೂ ಮಿತಿಯುಂಟು. 2024ರ ಮಾರ್ಚಿನ ನಿಯಮದಂತೆ ವರ್ಷಕ್ಕೆ 140 ಪೂರ್ಣ ದಿನ. ಅದರಿಂದ ಹೊಟ್ಟೆಬಟ್ಟೆ ನಡೆದೀತು. ಸಾಲ ತೀರುವುದು ಓದು ಮುಗಿದು ನೌಕರಿ ಸಿಕ್ಕ ಮೇಲಿನ ಮಾತು.

ಇನ್ನೊಂದು ಭ್ರಮೆ ಭಾಷೆಯದು. ಪಾಠ ಇಂಗ್ಲಿಷಿನಲ್ಲಿ ನಡೆಯುವುದರಿಂದ ಜರ್ಮನ್ ಏಕೆಂದು ಅವನ ವಾದ. ಕಚೇರಿಯ ಪತ್ರ ಇಂಗ್ಲಿಷಿನಲ್ಲಿ ಬರೆದರೂ ಮಂಡಈಯ ಕಾಯಿಪಲ್ಲೆಯವಳೊಡನೆ ನಾವು ಮರಾಠಿಯನ್ನೇ ಆಡಬೇಕಷ್ಟೆ! ಪುಣೆಯಲ್ಲಿ ಜರ್ಮನ್ ಕಲಿಯಲು ಕೊರತೆಯೂ ಇಲ್ಲ. ರಾನಡೆ ಇನ್‌ಸ್ಟಿಟ್ಯೂಟ್ ಇದೆ, ಮ್ಯಾಕ್ಸ್ ಮುಲ್ಲರ್ ಭವನವಿದೆ.

ಇಷ್ಟೆಲ್ಲ ಲೆಕ್ಕ ಹಾಕುವಾಗ ಒಂದು ಸಂಗತಿ ಮನಸ್ಸಿಗೆ ಚುಚ್ಚಿತು. ಭಾವನವರಿಗೆ ಸಾಲದ ಚಿಂತೆ, ಅಕ್ಕನಿಗೆ ಮದುವೆಯ ಚಿಂತೆ, ಅಜ್ಜಿಗೆ ಊಟದ ಚಿಂತೆ. ಹುಡುಗನ ಕಣ್ಣಲ್ಲಿ ಹಿಮ, ರೈಲು, ಸಂಬಳ. ಓದಿನ ಮಾತೇ ಯಾರ ಬಾಯಲ್ಲೂ ಇಲ್ಲ.

ಆಗ ನಮಗೆ ಎ.ಕೆ. ರಾಮಾನುಜನ್ ನೆನಪಾದರು. ಮೈಸೂರಿನವರು; ಬೆಳಗಾವಿಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದಾಗಲೇ ಜನಪದ ಕಥೆಗಳನ್ನು ಕೇಳಿ ಕೂಡಿಹಾಕಿದವರು. ಭಾಷಾಶಾಸ್ತ್ರ ಕಲಿಯಲು ನಮ್ಮ ಪುಣೆಯ ಡೆಕ್ಕನ್ ಕಾಲೇಜಿಗೆ ಬಂದರು. ಇಲ್ಲಿಂದ 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಅಮೆರಿಕೆಗೆ ಹೋಗಿ, 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಪ್ರಬಂಧದ ವಿಷಯವೇನು? ಕನ್ನಡದ ವ್ಯಾಕರಣ! ಅದಕ್ಕೆ ಸಮುದ್ರ ದಾಟಬೇಕೇ ಎಂದು ನಗುವವರು ನಗಲಿ. ಪ್ರಶ್ನೆಯನ್ನು ಅವರು ಇಲ್ಲಿಂದಲೇ ಗಂಟು ಕಟ್ಟಿಕೊಂಡು ಹೋಗಿದ್ದರು. ಅದನ್ನು ಬಿಡಿಸುವ ಹೊಸ ವಿದ್ಯೆ ಅಲ್ಲಿ ಸಿಕ್ಕಿತು. ಮುಂದೆ 1973ರಲ್ಲಿ ಅವರ ಇಂಗ್ಲಿಷ್ ಅನುವಾದದಿಂದ ಬಸವಣ್ಣ, ಅಕ್ಕಮಹಾದೇವಿಯರ ವಚನಗಳು ಹೊರನಾಡಿನ ಓದುಗರಿಗೆ ಮುಟ್ಟಿದವು.

ಈ ಕಥೆ ಹೇಳಿ ಹುಡುಗನನ್ನು ಕೇಳಿದೆವು: “ನೀ ಅಲ್ಲಿ ಹೋಗಿ ಏನು ಕಲೀಬೇಕಂತಿ?”

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ ಅಂದ: “ಲಕಡೀ ಪೂಲ್ ದಾಟುವಾಗ ಎಲ್ಲಾರೂ ಮೂಗು ಮುಚ್ಚಿಕೋತಾರಲ್ಲ ಮಾಮಾ, ಆ ಮುಠಾ ನದಿ ನೀರು ಹ್ಯಾಂಗ ಶುದ್ಧ ಮಾಡಬೇಕು ಅನ್ನೋದು ಕಲೀಬೇಕು.”

ಭಾವನವರು ಇದುವರೆಗೆ ಈ ಮಾತು ಕೇಳಿರಲಿಲ್ಲ. ಮರುದಿನ ಮೂವರೂ ಕುಳಿತು, ಕೀರ್ತಿಯನ್ನು ಬದಿಗಿಟ್ಟು, ನೀರಿನ ಶುದ್ಧೀಕರಣ ಎಲ್ಲಿ ಚೆನ್ನಾಗಿ ಕಲಿಸುತ್ತಾರೆಂದು ನೋಡಿ ಪಟ್ಟಿಯನ್ನು ಹೊಸದಾಗಿ ಬರೆದರು. ಸಾಲದ ಅರ್ಜಿಗೆ ಭಾವನವರ ಸಹಿ ಬಿದ್ದದ್ದು ಅದಾದ ಮೇಲೆ.

ನಮ್ಮ ಬಳಗದಲ್ಲಿ ಇನ್ನೂ ಅನೇಕ ಮಕ್ಕಳು ಹೊರಡುವವರಿದ್ದಾರೆ. ಚಟ್ನಿಪುಡಿ, ಉಣ್ಣೆಬಟ್ಟೆ ಕಟ್ಟಿಕೊಡಲು ಮನೆಯವರೆಲ್ಲ ಇದ್ದೇ ಇದ್ದೇವೆ. ಅದಕ್ಕೂ ಮೊದಲು ಈ ಒಂದು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ತಾಳ್ಮೆಯಿಂದ ಕಾಯೋಣ.