ದನ, ಧನ ಮತ್ತು ಅಪ್ಪನ ಲ್ಯಾಪ್‌ಟಾಪು

ನನಗೊಂದು ಚಟ ಇದೆ. ಕುಡಿತ ಅಲ್ಲ, ಇಸ್ಪೀಟೂ ಅಲ್ಲ, ಹಾಗಾಗಿ ಮನೆಯವಳು ಇಷ್ಟು ವರ್ಷ ಸಹಿಸಿಕೊಂಡಿದ್ದಾಳೆ. ಕೊಳ್ಳುವ ಉದ್ದೇಶ ಇರಲಿ ಬಿಡಲಿ, ಲ್ಯಾಪ್‌ಟಾಪುಗಳನ್ನು ಒಂದಕ್ಕೊಂದು ಹೋಲಿಸಿ ನೋಡುತ್ತಾ ಕೂರೋದು. ಯಾವ ಪ್ರೊಸೆಸರ್ರು, ಮೆಮೊರಿ ಎಷ್ಟು, ಬ್ಯಾಟರಿ ಎಷ್ಟು ವ್ಯಾಟ್-ಅವರು, ಹಿಂದಿನ ಮುಚ್ಚಳ ಬಿಚ್ಚಬಹುದೋ ಇಲ್ಲವೋ... ಯಾರಾದರೂ "ಒಂದು ಲ್ಯಾಪ್‌ಟಾಪ್ ತಗೋಬೇಕು ಮಾರಾಯಾ" ಅಂದರೆ ಸಾಕು, ಯಾಕಾದರೂ ಕೇಳಿದೆವೋ ಅಂತ ಅವರಿಗೆ ಅನ್ನಿಸುವ ತನಕ ಬಿಡೋದಿಲ್ಲ.

ಈ ಚಟ ಜೋರಾಗಿದ್ದು 2007ರ ಕೊನೆಯಲ್ಲಿ, ಏಸಸ್‌ನವರ ಈ-ಪಿಸಿ ಬಂದಾಗ. ಏಳು ಇಂಚಿನ ಪರದೆ, 800×480 ಚುಕ್ಕಿಗಳು, ಒಳಗೆ ಬರೀ 4 ಜಿಬಿ ಜಾಗ, ಒಂದು ಕೆಜಿಗಿಂತ ಕಮ್ಮಿ ತೂಕ. ಅಲ್ಲಿಯವರೆಗೆ ಇಷ್ಟು ಪುಟ್ಟ ಕಂಪ್ಯೂಟರು ಅಂದರೆ ಲಕ್ಷದ ಮಾತು. ಮರುವರ್ಷ ಇಂಟೆಲ್‌ನ ಆಟಮ್ ಚಿಪ್ ಬಂತು, ಎಲ್ಲ ಕಂಪನಿಗಳೂ ನೆಟ್‌ಬುಕ್ ಮಾಡೋಕೆ ಶುರು ಹಚ್ಚಿದವು. ನನಗೆ ರಾತ್ರಿ ನಿದ್ದೆ ಇಲ್ಲ.

ಆಗಲೇ ಅಪ್ಪ ಕೇಳಿದ್ದು. ರಿಟೈರಾದ ಮೇಷ್ಟ್ರು. ಊರ ಶಾಲೆ ಹೇಗೆ ಶುರುವಾಯ್ತು, ಯಾರು ಜಾಗ ಕೊಟ್ಟರು, ಎಲ್ಲ ಬರೆದಿಡಬೇಕು ಅಂತ ಅವರ ಆಸೆ. ನುಡಿಯಲ್ಲಿ ಟೈಪ್ ಮಾಡೋದು ಕಲಿತಿದ್ದರು. ನಮ್ಮದು ಸಾಗರದ ಕಡೆ ಹಳ್ಳಿ, ಮಳೆಗಾಲದಲ್ಲಿ ಕರೆಂಟು ಬಂದರೆ ಅದೇ ಸುದ್ದಿ. ಬ್ಯಾಟರಿ ಇರುವಂಥದ್ದು ಬೇಕಿತ್ತು.

ನಾನು ಎರಡು ತಿಂಗಳು ಹೋಲಿಕೆ ಮಾಡಿ ಒಂದು ನೆಟ್‌ಬುಕ್ ತಂದೆ. ಯಾವ ಕಂಪನಿದು ಅನ್ನೋದು ಬೇಡ, ತಪ್ಪು ಅವರದ್ದಲ್ಲ. 8.9 ಇಂಚು, 1024×600, ಒಂದು ಕೆಜಿ. ಎಕ್ಸ್‌ಪಿಯಲ್ಲಿ ಕನ್ನಡ ಸರಿಯಾಗಿ ಮೂಡಬೇಕಾದರೆ ರೀಜನಲ್ ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ಹಾಕಿ ವಿಂಡೋಸ್ ಸಿ.ಡಿ. ಕೊಡಬೇಕಿತ್ತು, ನೆನಪಿದೆಯಾ? ಈ ಪುಟಾಣಿಗೆ ಸಿ.ಡಿ. ಡ್ರೈವೇ ಇಲ್ಲ. ಪೆನ್‌ಡ್ರೈವಿಗೆ ತುಂಬಿಸಿ, ಅರ್ಧ ದಿನ ಒದ್ದಾಡಿ ಒತ್ತಕ್ಷರಗಳನ್ನು ಅವುಗಳ ಜಾಗಕ್ಕೆ ಕೂರಿಸಿದೆ. ಅಪ್ಪ ಊರಲ್ಲೆಲ್ಲ ತೋರಿಸಿಕೊಂಡು ಬಂದರು. ನನಗೆ ಅದಕ್ಕಿಂತ ಇನ್ನೇನು ಬೇಕು?

ಮೊನ್ನೆ, ಅಂದರೆ 2025ರ ದೀಪಾವಳಿಗೆ ಊರಿಗೆ ಹೋಗಿದ್ದೆ. ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿತ್ತು. ಅಪ್ಪ ಈಗ ಬಳಸುತ್ತಿದ್ದದ್ದು ತಮ್ಮನ ಹಳೇ ಡೆಸ್ಕ್‌ಟಾಪು, 2014ರದ್ದು. ವಿಂಡೋಸ್ 11 ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಿಂದಿನದನ್ನು ಮೂಸಿಯೂ ನೋಡೋದಿಲ್ಲ. ಇನ್ನೊಂದು ವರ್ಷ ಎಳೆಯೋ ದಾರಿ ಇತ್ತು, ಆದರೆ ಯುಪಿಎಸ್ಸೂ ಸತ್ತಿತ್ತು. ಸರಿ, ಹೊಸ ಲ್ಯಾಪ್‌ಟಾಪೇ ತರೋಣ ಅಂದೆ. ನನ್ನ ಮುಖ ಅರಳಿದ್ದು ನೋಡಿ ಅಪ್ಪ ಮೆಲ್ಲಗೆ, "ಈ ಸಲ ಅಷ್ಟು ಚಿಕ್ಕದು ಬೇಡ" ಅಂದರು.

ಕಪಾಟು ತೆಗೆದು ನೋಡಿದರೆ ನೆಟ್‌ಬುಕ್ ಹಳೇ ಪಂಚೆಯಲ್ಲಿ ಸುತ್ತಿಟ್ಟಿತ್ತು. ಮುಚ್ಚಳದ ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಹಾಗೇ ಇದೆ! ಬ್ಯಾಟರಿ ಸತ್ತಿದ್ದರೂ ವೈರು ಚುಚ್ಚಿದರೆ ಆನ್ ಆಯ್ತು. ಒಳಗೆ ಒಂದೇ ಒಂದು ಕಡತ, 2008ರದ್ದು. ತೆರೆದೆ. ಅಕ್ಷರದ ಅಳತೆ 24. ಸಾಲಿಗೆ ನಾಲ್ಕೈದು ಪದ. ದೊಡ್ಡದು ಮಾಡಿ, ಮತ್ತೂ ದೊಡ್ಡದು ಮಾಡಿ, ಇಡೀ ಪರದೆಗೆ ಏಳೆಂಟು ಸಾಲು ಹಿಡಿಯುವಷ್ಟು ದೊಡ್ಡದು ಮಾಡಿಕೊಂಡು ಒಂದೂವರೆ ಪುಟ ಬರೆದಿದ್ದಾರೆ. ಅಷ್ಟೇ. ಆಮೇಲೆ ನೋಟ್‌ಬುಕ್ಕು, ಪೆನ್ನು.

"ಹೇಳಬಾರದಿತ್ತಾ?" ಅಂದೆ.

"ನೀನು ಅಷ್ಟು ಖುಷಿಯಿಂದ ತಂದಿದ್ದೆಯಲ್ಲ. ಅದೂ ಅಲ್ಲದೆ ಆ ಓಕೆ ಅನ್ನೋ ಗುಂಡಿ ಎಲ್ಲಿರ್ತಿತ್ತು ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ."

ಗುಂಡಿ ಪರದೆಯ ಕೆಳಗೆ, ಹೊರಗೆ ಇರ್ತಿತ್ತು. 600 ಸಾಲಿನ ಪರದೆಯಲ್ಲಿ ಎಕ್ಸ್‌ಪಿಯ ಎಷ್ಟೋ ಕಿಟಕಿಗಳು ಪೂರ್ತಿ ಹಿಡೀತಿರಲಿಲ್ಲ. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಟ್ಯಾಬ್ ಒತ್ತಿ ಎಂಟರ್ ಹೊಡೆಯೋ ಉಪಾಯಾನೂ ಗೊತ್ತಿತ್ತು. ಹೇಳಿಕೊಡಬೇಕು ಅಂತ ಮಾತ್ರ ಹೊಳೆದಿರಲಿಲ್ಲ.

ಬೆಂಗಳೂರಿಗೆ ಬಂದವನೇ ಎಂದಿನಂತೆ ಎಕ್ಸೆಲ್ ತೆರೆದು 23 ಮಾಡೆಲ್ ಸಾಲಾಗಿ ಹಾಕಿದೆ. ಈಗ ಹೋಲಿಕೆ ಅನ್ನೋದು ಮೊದಲಿನಷ್ಟು ಸಲೀಸಲ್ಲ ಸ್ವಾಮಿ. ಹೆಸರಲ್ಲೇ ಗೂಢಲಿಪಿ. ಎಎಂಡಿಯ ರೈಜನ್ 5 7520ಯು ಮತ್ತು 7530ಯು, ಹತ್ತು ಅಂಕಿ ಅಷ್ಟೇ ವ್ಯತ್ಯಾಸ, ಅಣ್ಣ ತಮ್ಮ ಅಂದುಕೊಳ್ಳಬೇಕು. ಅಲ್ಲ. ಮೊದಲನೆಯದರಲ್ಲಿ ನಾಲ್ಕು ಕೋರ್, ಅದೂ 2019ರಲ್ಲಿ ಬಂದ ಜೆನ್ 2 ವಿನ್ಯಾಸ. ಎರಡನೆಯದರಲ್ಲಿ ಆರು ಕೋರ್, ಜೆನ್ 3. ಆ ಮೂರನೇ ಅಂಕಿ ಇದೆಯಲ್ಲ, 2 ಮತ್ತು 3, ಅದೇ ವಿನ್ಯಾಸದ ಗುಟ್ಟು. ಮುಂದಿರುವ 7 ಬರೀ ಮಾರಾಟದ ವರ್ಷದ ಗುರುತು. ಇಷ್ಟಕ್ಕೂ ಮುಗಿಯಲಿಲ್ಲ, 7520ಯುಗೆ ಹೊಂದೋದು ಎಲ್‌ಪಿಡಿಡಿಆರ್5 ಮೆಮೊರಿ ಮಾತ್ರ, ಅದನ್ನು ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. 8 ಜಿಬಿ ತಗೊಂಡಿರೋ, ಅದು ಸಾಯೋವರೆಗೂ 8 ಜಿಬಿನೇ. ಹಿಂದೆಲ್ಲ ಎರಡು ಸ್ಕ್ರೂ ಬಿಚ್ಚಿ ಇನ್ನೊಂದು ಪಟ್ಟಿ ಸಿಕ್ಕಿಸ್ತಿದ್ದೆವು. ಮೇಲಿಂದ 2025ರ ಕೊನೆಯಲ್ಲಿ ಎಐ ಸರ್ವರುಗಳ ಹಸಿವಿಗೆ ಮೆಮೊರಿ ಬೆಲೆ ಬೇರೆ ಗಗನಕ್ಕೇರಿತ್ತು.

ಒಂದು ಶನಿವಾರ ಎಸ್.ಪಿ. ರೋಡಿಗೆ ಹೋದೆ. ಹಳೇ ಚಾಳಿ. ಅಲ್ಲೊಂದು ಅಂಗಡಿಯಲ್ಲಿ ಸೆಕೆಂಡ್‌ಹ್ಯಾಂಡ್ ಥಿಂಕ್‌ಪ್ಯಾಡ್ ಟಿ480 ಕಂಡೆ. ಬಲ್ಲವರಿಗೆ ಹೇಳಬೇಕಿಲ್ಲ: 2018ರ ಮಾಡೆಲ್, ಎಂಟನೇ ಪೀಳಿಗೆ, ಹಾಗಾಗಿ ವಿಂಡೋಸ್ 11 ಓಡುತ್ತೆ. ಮೆಮೊರಿಗೆ ಎರಡು ಸ್ಲಾಟ್, ಒಳಗೊಂದು ಹೊರಗೊಂದು ಬ್ಯಾಟರಿ, ಆ ಕೀಬೋರ್ಡು! ಅರ್ಧ ಬೆಲೆಗೆ ಇಂಥದ್ದು ಎಲ್ಲಿ ಸಿಗುತ್ತೆ? ಪರ್ಸು ತೆಗೆದೇ ಬಿಟ್ಟಿದ್ದೆ. ಅಂಗಡಿ ಹುಡುಗ ಆನ್ ಮಾಡಿ ಕೊಟ್ಟ. 1366×768ರ ಪರದೆ, ಸ್ವಲ್ಪ ಪಕ್ಕಕ್ಕೆ ವಾಲಿದರೆ ಬಣ್ಣವೆಲ್ಲ ಮಾಸಲು. ಒಂದು ಕನ್ನಡ ಪತ್ರಿಕೆಯ ಪುಟ ತೆಗೆದು ನಿಂತೆ. "ಸ್ವಾತಂತ್ರ್ಯ" ಅನ್ನುವ ಪದದ ಕೊನೆಯಲ್ಲಿ ಎರಡು ಒತ್ತುಗಳು ಸೇರಿ ಒಂದು ಕಪ್ಪು ಚುಕ್ಕೆಯಾಗಿತ್ತು. ಆಗ ನೆಟ್‌ಬುಕ್ಕಿನ 24ರ ಅಕ್ಷರ ಕಣ್ಣ ಮುಂದೆ ಬಂತು ನೋಡಿ. ಮತ್ತೆ ಅದೇ ಮಾಡ್ತಿದ್ದೀನಲ್ಲ! ಟಿ480 ಬೇಕಾಗಿದ್ದದ್ದು ನನಗೆ. ಪರ್ಸು ಒಳಗಿಟ್ಟೆ. (ಪೂರ್ತಿ ಒಳಗಲ್ಲ. ಅದರ ಕಥೆ ಮನೆಯವಳಿಗೆ ಇನ್ನೂ ಗೊತ್ತಿಲ್ಲ.)

ಎಕ್ಸೆಲ್‌ನಲ್ಲಿದ್ದ ಹದಿನಾಲ್ಕು ಕಾಲಮ್ಮಿನಲ್ಲಿ ಒಂದರಲ್ಲೂ "ದನ, ಧನ ಬೇರೆ ಬೇರೆ ಕಾಣುತ್ತಾ?" ಅಂತ ಇರಲಿಲ್ಲ. ಸೇರಿಸಿದೆ. ನಮ್ಮ ಲಿಪಿಯಲ್ಲಿ ಹಸುವಿಗೂ ಹಣಕ್ಕೂ ಇರೋ ಅಂತರ ಅಕ್ಷರದ ಹೊಟ್ಟೆ ಕೆಳಗಿನ ಒಂದು ಗೀಟು ಅಷ್ಟೇ. ಇಂಗ್ಲಿಷಿನವರಿಗೆ ಈ ಕಷ್ಟ ಇಲ್ಲ, ಹಾಗಾಗಿ ಅವರ ವಿಮರ್ಶೆಗಳಲ್ಲಿ ಇದು ಬರೋದೂ ಇಲ್ಲ. ಆಮೇಲೆ ಅಂಗಡಿ ಅಂಗಡಿಗೆ ಹೋಗಿ ನೋಟ್‌ಪ್ಯಾಡಿನಲ್ಲಿ ಅದೇ ನಾಲ್ಕೈದು ಪದ ಅಂಟಿಸಿ, ಮೂರು ಹೆಜ್ಜೆ ಹಿಂದೆ ನಿಂತು ಕನ್ನಡಕ ತೆಗೆದು ನೋಡೋದು. ಸೇಲ್ಸ್ ಹುಡುಗಿಯೊಬ್ಬಳು ನನ್ನನ್ನು ಪಾಪದವನು ಅಂದುಕೊಂಡು ನೀರು ತಂದುಕೊಟ್ಟಳು.

ಹೀಗೆ ನೋಡಿದಾಗ ಪಟ್ಟಿ ತಲೆಕೆಳಗಾಯ್ತು. ಮೊದಲ ಸ್ಥಾನದಲ್ಲಿದ್ದ ಹದಿನಾಲ್ಕು ಇಂಚಿನ ಓಲೆಡ್ ಪರದೆಯದ್ದು, ಆಹಾ, ಅಕ್ಷರಗಳು ಕಡೆದಿಟ್ಟ ಹಾಗೆ. ಆದರೆ ಹೊಳಪು ಗಾಜು. ಅಪ್ಪ ಬರೆಯೋದು ಜಗಲಿಯಲ್ಲಿ, ಅಲ್ಲಿ ಕೂತರೆ ಪರದೆ ತುಂಬ ಎದುರಿನ ಅಡಿಕೆ ಮರ ಕಾಣ್ತಿತ್ತು. ಕೊನೆಗೆ ಗೆದ್ದದ್ದು ಪಟ್ಟಿಯಲ್ಲಿ ಹದಿಮೂರನೆಯದು. 16 ಇಂಚು, 1920×1200, ಹೊಳಪಿಲ್ಲದ ಪರದೆ, 16 ಜಿಬಿ, ಒಂದು ಖಾಲಿ ಸ್ಲಾಟ್. ಪ್ರೊಸೆಸರ್ ಸಾಧಾರಣ. ತೂಕ ಎರಡು ಕೆಜಿ ಹತ್ತಿರ. 1080ರ ಬದಲು 1200 ಇರೋದರಿಂದ ಎರಡು ಮೂರು ಸಾಲು ಹೆಚ್ಚು ಹಿಡಿಯುತ್ತೆ. ಗುಂಡಿಗಳ ಕೆಳಗೆ ದೀಪ ಇದೆ, ಕರೆಂಟು ಹೋದಾಗ ಬೇಕು. ಬಲಗಡೆ ನಂಬರ್ ಪ್ಯಾಡ್ ಇರೋದು ನನಗೆ ಕಣ್ಣಿಗಾಗಲ್ಲ, ಆದರೆ ಕೊಳ್ತಿರೋದು ನನಗಲ್ಲವಲ್ಲ.

ಆದರೂ ಈ ಸಲ ಅಪ್ಪ ನೋಡದೆ ದುಡ್ಡು ಕೊಡಬಾರದು ಅಂತ ಶಿವಮೊಗ್ಗಕ್ಕೆ ಕರೆಸಿಕೊಂಡು ಅಲ್ಲಿನ ಅಂಗಡಿಗೇ ಹೋದೆವು. 78ರ ಮನುಷ್ಯ, ಸ್ಟೂಲ್ ಮೇಲೆ ನೇರ ಕೂತು, ಕನ್ನಡ ಹಾಕು ಅಂದರು. ಸೆಟ್ಟಿಂಗ್‌ಗೆ ಹೋಗಿ ಸೇರಿಸಿದೆ, ಎರಡು ನಿಮಿಷ, ಸಿ.ಡಿ. ಗೀಡಿ ಏನಿಲ್ಲ. ಅಪ್ಪ "ಕನ್ನಡ" ಬರೆಯೋಕೆ ಹೋದರು. ಕ ಬಂತು. ನ ಒತ್ತಿದರೆ ಲ ಬಂತು. ವಿಂಡೋಸ್‌ನ ಮಾಮೂಲಿ ಕನ್ನಡ ಕೀಲಿಮಣೆ ಇನ್‌ಸ್ಕ್ರಿಪ್ಟ್, ಅಪ್ಪನ ಬೆರಳುಗಳು ಕಲಿತಿರೋದು ಕೆ.ಪಿ. ರಾವ್ ಅವರ ವಿನ್ಯಾಸ. ಎರಡರಲ್ಲೂ ಕ ಇರೋದು ಒಂದೇ ಗುಂಡಿಯಲ್ಲಿ, ಅಲ್ಲಿಗೆ ಸ್ನೇಹ ಮುಗೀತು. "ಕಲಬೆರಕೆ ಮಾಲು" ಅಂದರು ಅಪ್ಪ, ಅಂಗಡಿಯವನ ಮುಖ ನೋಡಬೇಕಿತ್ತು. ಮನೆಗೆ ಹೋಗಿ ನುಡಿ ಹಾಕಿದರೆ ಸರಿಹೋಗುತ್ತೆ ಅಂತ ಇಬ್ಬರನ್ನೂ ಸಮಾಧಾನ ಮಾಡಿದೆ.

ನೆಟ್‌ಬುಕ್ಕಿನ ಆ ಒಂದೂವರೆ ಪುಟವನ್ನು ಯುನಿಕೋಡಿಗೆ ಬದಲಿಸಿ ಹೊಸದಕ್ಕೆ ಹಾಕಿಕೊಟ್ಟು ಬಂದೆ. ಮೊನ್ನೆ ಭಾನುವಾರ ಫೋನು. "ಹದಿನೇಳು ವರ್ಷದಿಂದ ಒಂದು ತಪ್ಪು ಹಾಗೇ ಇತ್ತು ಮಾರಾಯಾ, ಈಗ ಕಾಣ್ತು. ಶಾಲೆ ಕಟ್ಟಡಕ್ಕೆ ಊರವರೆಲ್ಲ ದನಸಹಾಯ ಮಾಡಿದರು ಅಂತ ಬರೆದಿದ್ದೆ."

ತಿದ್ದಿದ್ರಾ ಅಂತ ಕೇಳಿದೆ.

"ಇನ್ನೂ ಇಲ್ಲ. ಕಲ್ಲು ಹೊಡೆಯೋಕೆ ನಾಲ್ಕು ಮನೆಯವರು ಎತ್ತಿನಗಾಡಿ ಕೊಟ್ಟಿದ್ದರು. ಪೂರ್ತಿ ಸುಳ್ಳೇನಲ್ಲ ಅದು, ನೋಡ್ತಿದ್ದೀನಿ."