ಕೊರಿಯರ್ ತಗೊಂಡಿಟ್ಟಿರಿ

ಬನಶಂಕರಿ ಎರಡನೇ ಹಂತದ ನಮ್ಮ ಬಿಲ್ಡಿಂಗಿನಲ್ಲಿ ಯಾರ ಕೊರಿಯರ್ ಬಂದರೂ ಬೆಲ್ ಆಗುವುದು ನಮ್ಮ ಮನೆಯದೇ. "ನೀವು ಹೇಗೂ ಮನೇಲೇ ಇರ್ತೀರಲ್ಲ, ತಗೊಂಡಿಟ್ಟಿರಿ" ಎಂದು ಮೇಲಿನವರು ಹೇಳಿ ಆಫೀಸಿಗೆ ಹೋಗುತ್ತಾರೆ. ನಿಜ, ಇರುತ್ತೇನೆ. ಅಮ್ಮನಿಗೆ ಲಕ್ವ ಹೊಡೆದಾಗ ಮನೆಯವರೆಲ್ಲ ಕೂತು ಲೆಕ್ಕ ಹಾಕಿದೆವು. ಹಗಲಿಗೊಬ್ಬರು, ರಾತ್ರಿಗೊಬ್ಬರು ಹೋಂ ನರ್ಸ್ ಇಟ್ಟರೆ ನನ್ನ ಸಂಬಳವೆಲ್ಲ ಅವರಿಗೇ. ಹಾಗಾದರೆ ನಾನೇ ಕೆಲಸ ಬಿಟ್ಟರಾಯಿತು ಎಂದಾಯಿತು. ಕೂಡಿದ್ದರಲ್ಲಿ ತಪ್ಪಿರಲಿಲ್ಲ. ಸಂಬಳದ ಜೊತೆಗೇ ನಿಂತುಹೋಗುವ ಪಿಎಫ್, ಆರೋಗ್ಯ ವಿಮೆ, ಬಡ್ತಿ ಮಾತ್ರ ಆ ಹಾಳೆಯಲ್ಲಿರಲಿಲ್ಲ.

ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಡೈಪರ್, ಬಾಡಿಗೆ ಮಂಚ, ಫಿಸಿಯೋ, ಬಿಪಿ ಮಾತ್ರೆ. ತಿಂಗಳ ಕೊನೆಗೆ ಫೋಟೋ ಹೊಡೆದು ವೈಟ್‌ಫೀಲ್ಡಿನ ತಮ್ಮನಿಗೆ ಕಳಿಸುತ್ತೇನೆ. ಪಾಪ, ತಕರಾರಿಲ್ಲದೆ ಹಣ ಹಾಕುತ್ತಾನೆ. ನನ್ನ ಚಪ್ಪಲಿ ಕಿತ್ತುಹೋದರೆ ಯಾವ ಬಾಬ್ತಿಗೆ ಬರೆಯಲಿ? 'ಡೆಟಾಲ್, ಇತರೆ' ಎಂದು ಬರೆದಿದ್ದೇನೆ.

ಸರ್ಕಾರ ನಮ್ಮನ್ನು ಮರೆತಿದೆ ಎಂದರೆ ಸುಳ್ಳಾಗುತ್ತದೆ. ಅವಲಂಬಿತ ಅಂಗವಿಕಲರನ್ನು ನೋಡಿಕೊಳ್ಳುವವರು ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿದ್ದರೆ 75,000 ರೂಪಾಯಿ, ವೈಕಲ್ಯ ತೀವ್ರವಾಗಿದ್ದರೆ 1,25,000 ರೂಪಾಯಿ ಕಳೆಯಬಹುದು. ಕಳೆಯಲು ಮೊದಲು ಆದಾಯ ಅಂತ ಒಂದಿರಬೇಕು! 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆರೈಕೆದಾರರ ಭತ್ಯೆಯ ಮಾತಿದೆ. 2024ರ ರಾಜ್ಯ ಬಜೆಟ್ಟು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಪಟ್ಟಿಯಲ್ಲಿ ಲಕ್ವ ಇಲ್ಲ. ಅಮ್ಮ ಕಾಯಿಲೆಯನ್ನು ಇನ್ನೊಂಚೂರು ನೋಡಿ ಆರಿಸಬೇಕಿತ್ತು.

2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಮಂದಿಯ ಆರೈಕೆಗೆ ಕೈಹಾಕುವ 15ರಿಂದ 59 ವಯಸ್ಸಿನ ಹೆಂಗಸರು ಅದಕ್ಕೆ ದಿನಕ್ಕೆ 140 ನಿಮಿಷ ಕೊಡುತ್ತಾರೆ, ಗಂಡಸರು 74. ಮಕ್ಕಳನ್ನು ನೋಡಿಕೊಳ್ಳುವುದೂ ಇದರಲ್ಲೇ ಸೇರಿದೆ. ನಿಮಿಷಗಳೇನೋ ಸಿಕ್ಕವು, ಅವು ಹಂಚಿಹೋಗುವ ಬಗೆ ಸಿಗುವುದಿಲ್ಲ. ಬೆನ್ನು ಹುಣ್ಣಾಗದಿರಲು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. 2023ರ ಜೂನ್‌ನಿಂದ ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಆದರೆ ನನ್ನ ಕರ್ನಾಟಕ ಜಯನಗರ ನಾಲ್ಕನೇ ಬ್ಲಾಕಿಗೆ ಮುಗಿಯುತ್ತದೆ. ಅದರಾಚೆ ಹೋದರೆ ಎರಡು ಗಂಟೆಯೊಳಗೆ ವಾಪಸು ಬರಲಾಗುವುದಿಲ್ಲ.

ನೆಂಟರು ಈಗ ಮದುವೆ ಕಾರ್ಡು ಕೊಡುತ್ತಲೇ "ನಿನಗೆ ಬರೋಕಾಗಲ್ಲ ಬಿಡು" ಎಂದು ರಿಯಾಯಿತಿಯನ್ನೂ ಕೊಟ್ಟುಬಿಡುತ್ತಾರೆ. ನೋಡಲು ಬಂದವರು ಸೇಬು ತರುತ್ತಾರೆ, ಅಮ್ಮನಿಗೆ ಅಗಿಯಲಾಗದ ಸೇಬು. ಆಮೇಲೆ ಸಲಹೆ. ಮೊನ್ನೆ ದೊಡ್ಡತ್ತೆ ಬಂದು, "ಬನಶಂಕರಿ ಗುಡೀಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚು, ಗುಡಿ ಇಲ್ಲೇ ಇದ್ದೂ ಹೋಗಲ್ವಲ್ಲೇ" ಎಂದರು.

"ಹಚ್ತೀನಿ ಅತ್ತೆ. ಮಂಗಳವಾರ ಬನ್ನಿ, ನಾನು ಹೋಗಿಬರೋವರೆಗೆ ಅಮ್ಮನ ಹತ್ರ ಕೂತಿರ್ತೀರಾ?"

ಮಂಗಳವಾರ ಅವರಿಗೆ ಕಣ್ಣಿನ ಡಾಕ್ಟರಂತೆ. ಶುಕ್ರವಾರವೂ.